ನಾಮಿನಿ ಯಾರಂತ ಬರೀಲ್ರಿ?

ನಮ್ಮ ಗಾಡಿಯ ಇನ್ಸೂರೆನ್ಸ್ ಯಾವ ತಾರೀಖಿಗೆ ಮುಗಿಯುತ್ತದೆ ಅಂತ ನಮಗೆ ನೆನಪಿರುವುದಿಲ್ಲ. ಮನೆಯವರಿಗಂತೂ ಕೇಳಲೇಬೇಡಿ. ಆದರೆ ಎಲ್ಲೋ ದೂರದ ಊರಿನಲ್ಲಿ ಕಿವಿಗೆ ಯಂತ್ರ ಸಿಗಿಸಿಕೊಂಡು ಕೂತ ಒಂದು ಹುಡುಗಿಗೆ ಅದು ಬರೋಬ್ಬರಿ ಗೊತ್ತಿರುತ್ತದೆ. ಇನ್ನೂ ತಿಂಗಳೊಪ್ಪತ್ತು ಇದೆ ಅನ್ನುವಾಗಲೇ ಶುರು. ಮುಂಜಾನೆ ಒಬ್ಬರು, ಊಟಕ್ಕೆ ಕೂತಾಗ ಒಬ್ಬರು, ಸಂಜೆ ಚಹಾದ ಹೊತ್ತಿಗೆ ಮತ್ತೊಬ್ಬರು. ನಮ್ಮ ಕಂಪೌಂಡಿನ ಆಚೆ ಕಡೆಯ ಮಾಸ್ತರು, ಕನ್ನಡ ಸಾಲಿ ಹೆಡ್‌ಮಾಸ್ತರಾಗಿ ರಿಟೈರ್ ಆದವರು, ಮೊನ್ನೆ ಗೋಡೆಯ ಮೇಲೆ ಮೊಣಕೈ ಊರಿ ಅಂದರು: "ತಮ್ಮಾ, ನನ್ನ ಹುಟ್ಟಿದ ದಿನಕ್ಕ ಮಗ ಫೋನ್ ಹಚ್ಚೂದಿಲ್ಲ. ನನ್ನ ಆಲ್ಟೋ ಕಾರಿನ ತಿಥಿ ಮಾತ್ರ ಇಡೀ ದೇಶಕ್ಕ ಗೊತ್ತೈತಿ ನೋಡು."

ಗೊತ್ತಾಗುವುದರಲ್ಲಿ ಮಾಟಮಂತ್ರವೇನೂ ಇಲ್ಲ ಬಿಡ್ರಿ. ವಾಹನ್ ಅಂತ ಕೇಂದ್ರ ಸರಕಾರದ ಒಂದು ದೊಡ್ಡ ಕಡತ ಇದೆಯಲ್ಲ, ಎಂಪರಿವಾಹನ್ ಆ್ಯಪಿನಲ್ಲಿ ಯಾರದೇ ಗಾಡಿ ನಂಬರ್ ಒತ್ತಿದರೂ ಇನ್ಸೂರೆನ್ಸ್ ಎಲ್ಲಿಯವರೆಗೆ ಇದೆ ಅಂತ ತೋರಿಸಿಬಿಡುತ್ತದೆ. ಮಾಲೀಕನ ಗುರುತು ಸಿಗಬಾರದು ಅಂತ ಹೆಸರಿನ ನಡುನಡುವೆ ಅಕ್ಷರ ತೆಗೆದು ಚುಕ್ಕಿ ಕೂಡಿಸಿದ್ದಾರೆ. ದಿಲ್ಲಿಯಲ್ಲಿ ಅದು ನಡೆದೀತು. ನಮ್ಮ ಬೀಳಗಿಯಲ್ಲಿ 'ಬ' ಆದ ಮೇಲೆ ಒಂದು ಚುಕ್ಕಿ, ಆಮೇಲೆ 'ಪ್ಪ' ಅಂತ ಕಂಡರೆ ಬಸಪ್ಪನಲ್ಲದೆ ಮತ್ಯಾರು? ಯಾವ ಬಸಪ್ಪ ಅನ್ನುವುದೊಂದೇ ತಕರಾರು. ಅದಕ್ಕೆ ಅಡ್ಡಹೆಸರು ಇದ್ದೇ ಇದೆ. ಬಡಿಗೇರ, ಪತ್ತಾರ, ಕುಂಬಾರ, ಹೂಗಾರ ಅಂದರೆ ಮನೆತನದ ಕಸುಬು ಗೊತ್ತಾಯಿತು. ಊರ ಹೆಸರೇ ಅಡ್ಡಹೆಸರಾದರೆ ಮೂಲ ಗೊತ್ತಾಯಿತು. ಇನ್ನು ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತಿದ್ದರೆ ಮುತ್ತಜ್ಜ ಏನು ಮಾರುತ್ತಿದ್ದ ಅನ್ನುವುದೂ ತಿಳಿದುಹೋಯಿತು. ಗಾಡಿ ಕೆಎ 29 ಆದರೆ ಬಾಗಲಕೋಟೆ, 48 ಆದರೆ ಜಮಖಂಡಿ, 28 ಆದರೆ ವಿಜಾಪುರ ಅಂತ ಚಹಾದಂಗಡಿಯ ಹುಡುಗನೂ ಹೇಳುತ್ತಾನೆ. ಚುಕ್ಕಿ ಹಾಕಿದವರಿಗೆ ನಮ್ಮ ಊರಿನ ಪರಿಚಯವಿಲ್ಲ, ಅಷ್ಟೇ.

ಫೋನ್ ನಂಬರ್ ಮಾತ್ರ ಆ ಆ್ಯಪಿನಲ್ಲಿ ಕಾಣಿಸುವುದಿಲ್ಲ. ಅದನ್ನು ನಾವೇ ಊರತುಂಬ ಹಂಚಿದ್ದೇವೆ. ಶೋರೂಮಿನಲ್ಲಿ ಬರೆದೆವು, ಗ್ಯಾರೇಜಿನಲ್ಲಿ ಬರೆದೆವು, ಜಾತ್ರೆಯಲ್ಲಿ ಹೊಸ ಕಾರು ನಿಲ್ಲಿಸಿ 'ಲಕ್ಕಿ ಡ್ರಾ' ಅಂತ ಡಬ್ಬಿ ಇಟ್ಟಿದ್ದರೆ ಅದರಲ್ಲಿಯೂ ಚೀಟಿ ಹಾಕಿದೆವು. ಕಾರು ಯಾರಿಗೆ ಹತ್ತಿತು ಅಂತ ಇವತ್ತಿಗೂ ಒಬ್ಬರೂ ಹೇಳಿಲ್ಲ, ಹೌದಿಲ್ಲೋ?

ಹಾಗಂತ ನಮ್ಮ ಕಡೆಯ ಮಂದಿ ಗುಟ್ಟು ಕಾಯುವವರಲ್ಲ. ಅನಗವಾಡಿ ಕ್ರಾಸಿನಲ್ಲಿ ಬಸ್ಸು ಹತ್ತಿ ಬೀಳಗಿಯಲ್ಲಿ ಇಳಿಯುವಷ್ಟರಲ್ಲಿ ಬಾಜೂ ಸೀಟಿನ ಅಕ್ಕ ಎಲ್ಲಾ ತಿಳಿದುಕೊಂಡಿರುತ್ತಾಳೆ. ಯಾವೂರು? ಯಾರ ಪೈಕಿ? ಹೊಲ ಎಷ್ಟು ಎಕರೆ? ನೀರಾವರಿಯೋ, ಒಣ ಬೇಸಾಯವೋ? ಮಕ್ಕಳೆಷ್ಟು? ಪಗಾರ ಎಷ್ಟು? ಮ್ಯಾಲಿನ ಗಳಿಕಿ? ಯಾವ ಕೆವೈಸಿ ಫಾರ್ಮಿನಲ್ಲಿಯೂ ಇಷ್ಟು ಕಾಲಂ ಇಲ್ಲ. ಆದರೆ ಇಳಿಯುವ ಹೊತ್ತಿಗೆ ಆಕೆಯ ಸೊಸೆಯ ಬಾಣಂತನ, ಗಂಡನ ಶುಗರು, ಮೈದುನನ ಕೋರ್ಟ್ ಕೇಸು ಎಲ್ಲವೂ ನಮ್ಮ ತಲೆಯಲ್ಲಿರುತ್ತದೆ. ಲೆಕ್ಕ ಚುಕ್ತಾ. ಬೇಕಾದರೆ ಸಂತೆಯಲ್ಲಿ ಸಿಕ್ಕಾಗ 'ಶುಗರ್ ಎಷ್ಟೈತಿ ಈಗ?' ಅಂತ ನಾವೂ ಕೇಳಬಹುದು.

ಕಂಪನಿಯವರನ್ನು ಹಾಗೆ ಕೇಳಿ ನೋಡ್ರಿ.

ಮಾಸ್ತರು ಪೇಪರು ಓದುವ ಮನುಷ್ಯ. ಹಳೆಯ ಸುದ್ದಿಯೊಂದನ್ನು ಎತ್ತಿ ಹಿಡಿದರು. 2019ರ ಮಾರ್ಚಿನಲ್ಲಿ ಸಾರಿಗೆ ಸಚಿವಾಲಯ ಒಂದು ನೀತಿ ಮಾಡಿತ್ತು: ವಾಹನ್ ಮತ್ತು ಲೈಸೆನ್ಸಿನ ಸಾರಥಿ ಕಡತಗಳ ಮಾಹಿತಿಯನ್ನು ಸಗಟಾಗಿ ಕೊಡುವುದು, ವ್ಯಾಪಾರದ ಕಂಪನಿಯಾದರೆ ವರ್ಷಕ್ಕೆ 3 ಕೋಟಿ ರೂಪಾಯಿ. ಅದೇ ಜುಲೈನಲ್ಲಿ ಸಾರಿಗೆ ಸಚಿವ ಗಡ್ಕರಿಯವರು ಸಂಸತ್ತಿನಲ್ಲಿ ಕೊಟ್ಟ ಉತ್ತರದ ಪ್ರಕಾರ 87 ಖಾಸಗಿ ಕಂಪನಿಗಳಿಗೆ, 32 ಸರಕಾರಿ ಸಂಸ್ಥೆಗಳಿಗೆ ಕಡತ ನೋಡಲು ಬಿಟ್ಟಿದ್ದರು; ಬಂದ ದುಡ್ಡು 65 ಕೋಟಿ. ಕಡತದಲ್ಲಿ ಇದ್ದದ್ದು ಸುಮಾರು 25 ಕೋಟಿ ಗಾಡಿಗಳ ನೋಂದಣಿ, 15 ಕೋಟಿ ಲೈಸೆನ್ಸು. ಮಾಸ್ತರು ಗೋಡೆಯ ಮೇಲೆ ಬೆರಳಿನಿಂದಲೇ ಭಾಗಾಕಾರ ಮಾಡಿದರು. "ಲೈಸೆನ್ಸ್ ಬಿಡು, ಬರೇ ಗಾಡಿ ಲೆಕ್ಕ ಹಿಡಿ. ಗಾಡಿಗೆ ಎರಡು ರೂಪಾಯಿ ಅರವತ್ತು ಪೈಸಾ. ಅರ್ಧ ಕಪ್ ಚಹಾ ಬರೂದಿಲ್ಲಲ್ಲೋ ತಮ್ಮಾ!" ಮಾರಿದ್ದಕ್ಕಿಂತ ಅಗ್ಗಕ್ಕೆ ಮಾರಿದ್ದು ಅವರಿಗೆ ಹೆಚ್ಚು ಬ್ಯಾಸರ. ಬೇರೆ ಬೇರೆ ಕಡೆಯ ಮಾಹಿತಿ ಜೋಡಿಸಿ ಮನುಷ್ಯನನ್ನು ಕಂಡುಹಿಡಿಯಬಹುದು ಅನ್ನುವ ಅಪಾಯವನ್ನು ಆ ನೀತಿಯಲ್ಲೇ ಬರೆದುಕೊಂಡಿದ್ದರು, ಬರೆದುಕೊಂಡೇ ಮಾರಿದರು. 2020ರ ಜೂನಿನಲ್ಲಿ ಖಾಸಗಿತನದ ಕಾರಣ ಹೇಳಿ ನೀತಿಯನ್ನು ರದ್ದು ಮಾಡಿದರು ಅನ್ನಿ. ಆದರೆ ಹೋದದ್ದು ಹೋಯಿತು. ಹಿಟ್ಟು ಬೀಸಿದ ಮೇಲೆ ಜೋಳ ವಾಪಸ್ ಕೊಡ್ರಿ ಅಂದರೆ ಗಿರಣಿಯವ ಏನು ಮಾಡ್ಯಾನು?

ಇನ್ನು ಕೆವೈಸಿ ಪುರಾಣ. ಮೊದಲೆಲ್ಲ ಏಜೆಂಟನ ಕೈಗೆ ಆರ್‌ಸಿ ಬುಕ್ಕಿನ ಝೆರಾಕ್ಸು, ಹಳೆಯ ಪಾಲಿಸಿ, ದುಡ್ಡು ಇಷ್ಟು ಕೊಟ್ಟರೆ ಸಂಜೆಯೊಳಗೆ ಹೊಸ ಕಾಗದ ಬರುತ್ತಿತ್ತು. 2023ರ ಜನವರಿ 1ರಿಂದ ವಿಮಾ ಪ್ರಾಧಿಕಾರ ಎಲ್ಲಾ ಹೊಸ ಪಾಲಿಸಿಗಳಿಗೂ ಕೆವೈಸಿ ಕಡ್ಡಾಯ ಮಾಡಿತು. ಪ್ಯಾನ್ ಕೊಡ್ರಿ, ಆಧಾರ ಕೊಡ್ರಿ, ಓಟಿಪಿ ಹೇಳ್ರಿ. ಮಾಸ್ತರ ಹೆಸರಿಗೆ ಆರ್‌ಸಿಯಲ್ಲಿ ಇಂಗ್ಲಿಷಿನ ಒಂದು 'ಪಿ', ಆಧಾರದಲ್ಲಿ ಎರಡು 'ಪಿ', ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಮೊದಲು. ಕಂಪ್ಯೂಟರಿಗೆ ಮೂರೂ ಮಂದಿ ಬೇರೆ ಬೇರೆ. "ಮೂರು ಮಂದಿ ಆದ್ರ ಮೂರು ಪೆನ್ಷನ್ ಕೊಡ್ರಿ ಅನ್ನು" ಅಂತ ಮಾಸ್ತರು.

ಹುಟ್ಟಿದ ತಾರೀಖಿನದು ಇನ್ನೊಂದು ಚೋದ್ಯ. ನಮ್ಮ ಕಡೆ ಅರ್ಧ ತಾಲೂಕು ಹುಟ್ಟಿದ್ದೇ ಜೂನ್ 1ಕ್ಕೆ, ಗೊತ್ತಲ್ಲ? ಸಾಲಿಗೆ ಹೆಸರು ಹಚ್ಚಲು ಬಂದ ಅಪ್ಪ 'ಭಾರಿ ಮಳಿ ಆದ ವರ್ಷ, ಕಾರಹುಣ್ಣಿಮಿ ಮುಂದ' ಅಂದರೆ ಮಾಸ್ತರು ಇನ್ನೇನು ಬರೆದಾರು? ಒಂದು, ಆರು, ಯಾವುದೋ ಇಸವಿ. ನಮ್ಮ ಮಾಸ್ತರ ಕೈಯಿಂದಲೇ ಹಾಗೆ ಹುಟ್ಟಿದವರು ಎಷ್ಟು ಮಂದಿಯೋ. ಅವರಲ್ಲಿ ಕೆಲವರು ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಈಗ ಕಂಪನಿಯವರು ಪಾಲಿಸಿಯ ಪಿಡಿಎಫ್ ಕಳಿಸಿ 'ಗೌಪ್ಯತೆಗಾಗಿ ನಿಮ್ಮ ಜನ್ಮದಿನಾಂಕವೇ ಪಾಸ್‌ವರ್ಡ್' ಅನ್ನುತ್ತಾರೆ. ಊರಿನ ಅರ್ಧ ಬೀಗಗಳಿಗೆ ಒಂದೇ ಕೀಲಿಕೈ, ಅದನ್ನು ಹಂಚಿದವರು ಕಂಪೌಂಡಿನ ಆಚೆ ನಿಂತು ತೊಂಡೆಕಾಯಿ ಹರಿಯುತ್ತಿದ್ದಾರೆ!

ಎಲ್ಲದಕ್ಕಿಂತ ಮಜಾ ಅಂದರೆ ನಾಮಿನಿ. ಗಾಡಿಯ ಮಾಲೀಕನೇ ಓಡಿಸುವಾಗ ಅಪಘಾತವಾಗಿ ಸತ್ತರೆ 15 ಲಕ್ಷ ಅಂತ ವೈಯಕ್ತಿಕ ಅಪಘಾತ ವಿಮೆ ಇರುತ್ತದಲ್ಲ, ಅದಕ್ಕೆ ವಾರಸುದಾರರ ಹೆಸರು ಬೇಕು. ಏಜೆಂಟ ಹುಡುಗ ಮಾಸ್ತರ ಕಟ್ಟೆಯ ಮೇಲೆ ಕೂತು, ಪೆನ್ನಿನ ಟೋಪಿ ತೆಗೆದು, ಊರಿಗೇ ಕೇಳಿಸುವ ಹಾಗೆ "ಸರ, ನಾಮಿನಿ ಯಾರಂತ ಬರೀಲ್ರಿ?" ಅಂದ. ಮಾಸ್ತರು ಒಂದು ಕ್ಷಣ ಸುಮ್ಮನಾದರು. ಆ ಒಂದು ಕ್ಷಣವೇ ತಪ್ಪಾಗಿದ್ದು. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಬರೀರಿ ಬರೀರಿ, ಮಗನ ಹೆಸರ ಬರೀರಿ! ನನಗ ನಿಮ್ಮ ಗಾಡೀನೂ ಬ್ಯಾಡ, ಹದಿನೈದು ಲಕ್ಷಾನೂ ಬ್ಯಾಡ!" ಕೊನೆಗೆ ಮಾಸ್ತರ ಹೆಂಡತಿ ಅಕ್ಕೋರ ಹೆಸರೇ ಫಾರ್ಮಿನಲ್ಲಿ ಬಿತ್ತು, ವಯಸ್ಸನ್ನು ಎರಡು ವರ್ಷ ಕಡಿಮೆ ಹೇಳಿದರು, ಓಣಿಯವರೆಲ್ಲ ಕೇಳಿಸಿಕೊಂಡೆವು. ಮಾಹಿತಿ ಸೋರಿಕೆ ಅಂದರೆ ಬರೇ ಕಂಪ್ಯೂಟರಿನಿಂದಲೇ ಆಗಬೇಕು ಅಂತೇನಿಲ್ಲ, ಅಲ್ವಾ?

ಮಾಡಿಸುವುದಿಲ್ಲ, ಹೋಗ್ರಿ ಅನ್ನುವ ಹಾಗೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯಬಾರದು. ನಮ್ಮಂಥವರ ಸಾವಿರ ಸಿಸಿ ಒಳಗಿನ ಕಾರಿಗೆ 2022ರ ಜೂನಿನಲ್ಲಿ ಸರಕಾರವೇ ನಿಗದಿ ಮಾಡಿದ ದರ 2,094 ರೂಪಾಯಿ. ದುಡ್ಡಿಗೆ ತಕರಾರಿಲ್ಲ, ನಾಳೆ ನಮ್ಮ ಗಾಡಿಯಿಂದ ಯಾರಿಗೋ ಏಟಾದರೆ ಅವರ ಮಕ್ಕಳಿಗೆ ಏನಾದರೂ ಸಿಗಬೇಕಲ್ಲ. ಆದರೆ ಫಾರ್ಮಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ನಾನು ಸ್ವಇಚ್ಛೆಯಿಂದ ಒಪ್ಪಿರುತ್ತೇನೆ' ಅಂತ ಇರುತ್ತದೆ ನೋಡಿ, ಅಲ್ಲಿ ನನಗೆ ನಗು ಬರುತ್ತದೆ. ಸ್ವಇಚ್ಛೆ ಎಲ್ಲಿಂದ ಬಂತು? ಪೊಲೀಸಪ್ಪ ಕೈ ಅಡ್ಡ ಹಾಕಿದ್ದಾನೆ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ, ಅಂಥ ಸ್ವಇಚ್ಛೆ.

ಕಂಪನಿಯವರ ಕಡೆಗೂ ಒಂದಿಷ್ಟು ನ್ಯಾಯ ಇದೆ, ಇಲ್ಲ ಅನ್ನಲಾರೆ. ಕ್ಲೇಮ್ ಮಾಡದೇ ಇದ್ದವರಿಗೆ ಬೋನಸ್ ಅಂತ ಶೇಕಡಾ 20ರಿಂದ ಶುರುವಾಗಿ 50ರವರೆಗೆ ಸೂಟು ಕೊಡುತ್ತಾರೆ. ಅದು ಗಾಡಿಗಲ್ಲ, ಮನುಷ್ಯನಿಗೆ ಅಂಟಿಕೊಂಡಿರುವುದು. ಹೋದ ವರ್ಷ ಬಂಪರ್ ಬದಲಿಸಿಕೊಂಡು ಈ ವರ್ಷ 'ಒಂದ ಗೆರೀನೂ ಬಿದ್ದಿಲ್ಲರಿ' ಅನ್ನುವ ಶೂರರು ನಮ್ಮಲ್ಲೇನು ಕಡಿಮೆಯೇ? ಹಳೆಯ ಕ್ಲೇಮು, ಹಳೆಯ ಪಾಲಿಸಿ ಕೇಳಲಿ, ಬೇಡ ಅಂದವರಾರು? ಕಾರಿಗೆ ವಿಮೆ ಕೇಳಿದರೆ 'ನಿಮ್ಮ ವಾರ್ಷಿಕ ಆದಾಯ ಎಷ್ಟು, ಸಾಲ ಬೇಕೇ, ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದಾರೆಯೇ' ಅನ್ನುವುದು ಯಾತಕ್ಕೆ?

ಈ ಕೇಳುವ-ಬರೆದುಕೊಳ್ಳುವ ಮಾತು ಬಂದಾಗೆಲ್ಲ ನನಗೆ ಮುಳುಗಡೆ ನೆನಪಾಗುತ್ತದೆ. ಆಲಮಟ್ಟಿ ಹಿನ್ನೀರು ಬಂದಾಗಿನ ಮಾತು. ಹೊಳೆದಂಡೆಯ ನಮ್ಮ ಸೋದರಮಾವನ ಊರಿಗೆ ಸರ್ವೆಯವರು ಟೇಪು ಹಿಡಿದು ಬಂದರು. ಗೋಡೆಗೆ ಬಣ್ಣದಲ್ಲಿ ನಂಬರ್ ಬರೆದರು. ಮನೆಯಲ್ಲಿ ಎಷ್ಟು ಮಂದಿ, ಎಷ್ಟು ಅಂಕಣ, ದನದ ಕೊಟ್ಟಿಗೆ ಎಷ್ಟುದ್ದ, ಬಾವಿಗೆ ಎಷ್ಟು ಮೆಟ್ಟಿಲು, ಬೇವಿನ ಗಿಡ ಎಷ್ಟು. ಆಗ ಯಾರೂ ಖಾಸಗಿತನ ಅನ್ನಲಿಲ್ಲ. ಅನ್ನುವುದೇನು, ಕೇಳದ್ದನ್ನೂ ಕರೆದು ಕರೆದು ತೋರಿಸಿದರು. ಅತ್ತೆ ಹಿತ್ತಲಲ್ಲಿ ಮೊಣಕಾಲೆತ್ತರ ಬೆಳೆದ ಕರಿಬೇವಿನ ಸಸಿಗೂ 'ಇದನ್ನೂ ಗಿಡದಾಗ ಬರಕೊಳ್ರಿ ಸಾಹೇಬ್ರ' ಅಂತ ದುಂಬಾಲು ಬಿದ್ದಿದ್ದಳು. ಸಾಹೇಬರು ಬರೆದುಕೊಂಡರೋ ಬಿಟ್ಟರೋ. ಪಟ್ಟಿ ಮಾತ್ರ ಪಂಚಾಯಿತಿಯ ಗೋಡೆಗೆ ಹಚ್ಚಿದರು; ಯಾರ ಮನೆಗೆ ಎಷ್ಟು ಅಂತ ಊರೆಲ್ಲ ಓದಿತು, ಊರೆಲ್ಲ ಜಗಳಾಡಿತು. ಬರೆದದ್ದು ಕಣ್ಣೆದುರು ಇತ್ತು, ಜಗಳಾಡಲು ಒಂದು ಗೋಡೆಯಾದರೂ ಇತ್ತು ಅಂತ ನಾನು ಹೇಳುವುದು. ಈಗ ಅಣೆಕಟ್ಟೆಯನ್ನು 519.6ರಿಂದ 524.256 ಮೀಟರಿಗೆ ಏರಿಸುವ ಮಾತು ಮತ್ತೆ ಎದ್ದಿದೆ. 2025ರ ಸೆಪ್ಟೆಂಬರಿನಲ್ಲಿ ಸಂಪುಟ ನೀರಾವರಿ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ಅಂತ ನಿರ್ಧಾರ ಮಾಡಿದೆ. ಮತ್ತೆ ಟೇಪು ಬರುತ್ತದೆ, ಮತ್ತೆ ಕರಿಬೇವಿನ ಸಸಿ. ಇರಲಿ, ಎಲ್ಲಿಂದ ಎಲ್ಲಿಗೋ ಹೋದೆ.

ಕೊಟ್ಟ ಕಾಗದ ಎಲ್ಲಿಗೆ ಹೋಗುತ್ತದೆ ಅಂತಲ್ಲವೇ ಮಾತು? ಒಂದು ಸಂಜೆ ಗಿರಮಿಟ್ ಕಟ್ಟಿಸಿಕೊಂಡು ಬಂದಿದ್ದೆ. ತಿಂದು ಮುಗಿಸಿ ಕಾಗದ ಬಿಡಿಸಿದರೆ ಯಾರದೋ ವಿಮಾ ಫಾರ್ಮಿನ ಝೆರಾಕ್ಸು. ಎಣ್ಣೆಯಲ್ಲಿ ನೆನೆದ ಫೋಟೋ, ಅಪ್ಪನ ಹೆಸರು, ಫೋನ್ ನಂಬರು, ಇಂಜಿನ್ ನಂಬರು, ಎಲ್ಲಾ ಸ್ಪಷ್ಟ. ಮಾಸ್ತರು ಕನ್ನಡಕ ಏರಿಸಿ ನೋಡಿ, "ಇವನ ಅಪ್ಪ ನನ್ನ ಕೈಯಾಗ ಕಲ್ತಾನ" ಅಂದರು. ಹುಟ್ಟಿದ್ದು? ಜೂನ್ 1! ಝೆರಾಕ್ಸ್ ಅಂಗಡಿಯಲ್ಲಿ ಸರಿಯಾಗಿ ಮೂಡದ ಹಾಳೆಗಳನ್ನು ನಾವು ಯಾರಾದರೂ ವಾಪಸ್ ಕೇಳುತ್ತೇವೆಯೇ? ಅವನ ಕಂಪ್ಯೂಟರಿನಲ್ಲಿ ಉಳಿಯುವ ಆಧಾರ ಕಾರ್ಡುಗಳನ್ನು ಅಳಿಸು ಅನ್ನುತ್ತೇವೆಯೇ? ಮಾಸ್ತರು ಅಂದಿನಿಂದ ಮೊದಲಿನ ಎಂಟು ಅಂಕಿ ಮುಚ್ಚಿದ ಆಧಾರವನ್ನೇ ಮೊಮ್ಮಗಳ ಕಡೆಯಿಂದ ತೆಗೆಸಿಕೊಳ್ಳುತ್ತಾರೆ, ಹಾಳೆಯ ಮೇಲೆ ಅಡ್ಡಲಾಗಿ 'ಗಾಡಿ ವಿಮೆಗೆ ಮಾತ್ರ' ಅಂತ ತಾರೀಖು ಹಾಕಿ ಬರೆಯುತ್ತಾರೆ. ಅಕ್ಷರ ಮುತ್ತು ಪೋಣಿಸಿದ್ದು. ಗಿರಮಿಟ್ಟಿನವನಿಗೆ ಅದರಿಂದ ತೊಂದರೆಯೇನೂ ಇಲ್ಲ.

ಕಾನೂನು ಇಲ್ಲವೇ ಅಂದರೆ ಇದೆ. ಅದರ ಹಿಂದೆ ನಮ್ಮ ಕನ್ನಡದ ಒಬ್ಬ ಹಿರಿಯರೂ ಇದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಬ್ಬರೂ ಭಿನ್ನ ಇಲ್ಲದೆ ಖಾಸಗಿತನ ಮೂಲಭೂತ ಹಕ್ಕು ಅಂದರು. "ಆ ವಯಸ್ಸಿನ್ಯಾಗ ನಾವು ಬ್ಯಾಂಕಿಗೆ ಹೋಗಿ 'ಬದುಕೀನ್ರಿ' ಅಂತ ಸರ್ಟಿಫಿಕೇಟ್ ಕೊಡೂದ ದೊಡ್ಡದು" ಅಂತ ಮಾಸ್ತರಿಗೆ ಅವರ ಮೇಲೆ ಭಾರಿ ಗೌರವ. 2024ರ ಅಕ್ಟೋಬರಿನಲ್ಲಿ, 98ರಲ್ಲಿ ಅವರು ತೀರಿಕೊಂಡಾಗ ಪೇಪರಿನ ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಆಮೇಲೆ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ನಿಯಮಗಳು ಬರಲು 2025ರ ನವೆಂಬರ್ ಆಯಿತು, ಮುಖ್ಯ ಭಾಗಗಳಿಗೆ ಅಲ್ಲಿಂದ ಇನ್ನೂ 18 ತಿಂಗಳ ಗಡುವು. ಕಾಪಾಡದೆ ಬಿಟ್ಟ ಕಂಪನಿಗೆ 250 ಕೋಟಿಯವರೆಗೆ ದಂಡ ಹಾಕಬಹುದಂತೆ. ಅದರಲ್ಲಿ ನನಗೆ ಸೇರಿದ್ದು ಬೇರೆಯದೇ: ಯಾಕೆ ಕೇಳುತ್ತೇವೆ ಅನ್ನುವ ತಿಳಿವಳಿಕೆ ಪತ್ರವನ್ನು ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಕೇಳಿ ಪಡೆಯಬಹುದು. ಅಂದರೆ ಕನ್ನಡದಲ್ಲಿ! ಆ ಸಣ್ಣ ಅಕ್ಷರಗಳು ಕನ್ನಡದಲ್ಲಿ ಹೇಗಿರುತ್ತವೋ ನೋಡುವ ಆಸೆ. ಅಷ್ಟರೊಳಗೆ ಸೋರದಿದ್ದರೆ ಸಾಕು. 2024ರಲ್ಲಿ ಚೆನ್ನೈನ ಸ್ಟಾರ್ ಹೆಲ್ತ್ ಕಂಪನಿಯದು ಆಗಲಿಲ್ಲವೇ? ಅದು ಕಾರಿನ ವಿಮೆಯಲ್ಲ, ಆರೋಗ್ಯದ್ದು, 3.1 ಕೋಟಿ ಗಿರಾಕಿಗಳ ಮಾಹಿತಿ ತನ್ನ ಬಳಿ ಇದೆ ಅಂತ ಕದ್ದವನು ಹೇಳಿಕೊಂಡ, ಟೆಲಿಗ್ರಾಂನಲ್ಲಿ ಕೇಳಿದವರಿಗೆ ಚಾಟ್‌ಬಾಟ್ ಹಂಚುತ್ತಿತ್ತು. ಮೈಯೊಳಗಿನ ಬೇನೆಯೇ ಬಜಾರಿಗೆ ಬಂದ ಮೇಲೆ ಕಾರಿನ ಚಾಸಿ ನಂಬರ್ ಯಾವ ಗಿಡದ ತಪ್ಪಲು?

ಈಗ ಹೊಸದೊಂದು ಬಂದಿದೆ, ಕೇಳಿದ್ದೀರೋ ಇಲ್ಲವೋ. ಎಷ್ಟು ಓಡಿಸುತ್ತೀರೋ, ಹೇಗೆ ಓಡಿಸುತ್ತೀರೋ ಅದರ ಮೇಲೆ ಪ್ರೀಮಿಯಂ. 2022ರ ಜುಲೈನಲ್ಲಿ ವಿಮಾ ಪ್ರಾಧಿಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಫೋನೋ ಗಾಡಿಯಲ್ಲಿ ಕೂಡಿಸಿದ ಡಬ್ಬಿಯೋ ನಮ್ಮ ಓಡಾಟ ಬರೆದುಕೊಳ್ಳುತ್ತದೆ: ಎಷ್ಟು ಜೋರು, ಎಲ್ಲಿ ಗಕ್ಕನೆ ಬ್ರೇಕು, ರಾತ್ರಿ ಎಷ್ಟೊತ್ತಿಗೆ. ನಮ್ಮ ಕಡೆಯ ಕಬ್ಬಿನ ಸೀಜನ್ನು ಆ ಡಬ್ಬಿಗೆ ಏನು ಗೊತ್ತು ಹೇಳ್ರಿ? ಹೊತ್ತು ಮುಳುಗಿದ ಮೇಲೆ ಮುಧೋಳ ರಸ್ತೆಯಲ್ಲಿ ಬಂದರೆ, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಡಬಲ್ ಟ್ರೇಲರಿನ ಟ್ರ್ಯಾಕ್ಟರು. ಇಡೀ ರಸ್ತೆಗೆ ಕೇಳಿಸುವ ಹಾಡು ಇರುತ್ತದೆ, ದೀಪ ಇರುವುದಿಲ್ಲ. ಬ್ರೇಕ್ ಒತ್ತದಿದ್ದರೆ ನಾಮಿನಿಗೆ 15 ಲಕ್ಷ, ಒತ್ತಿದರೆ ಡಬ್ಬಿಯಲ್ಲಿ 'ಕೆಟ್ಟ ಚಾಲಕ'. ವಿಜಾಪುರ ಕಡೆಗೆ ಹೊರಟು ಕೊಲ್ಹಾರದ ಉದ್ದನೆಯ ಸೇತುವೆ ದಾಟಿ, ಮೊಸರಿನ ಗಡಿಗೆ ಕೊಳ್ಳಲು ಗಾಡಿ ನಿಲ್ಲಿಸಿದರೆ ಅದೂ ದಾಖಲು. ಬರುವಾಗ ಮೊಸರು ಕದಡಬಾರದು ಅಂತ ಮೆಲ್ಲಗೆ ಓಡಿಸುತ್ತೇವಲ್ಲ, ಅದಕ್ಕಾದರೂ ಸೂಟು ಕೊಟ್ಟಾರೇನೋ!

ಅಮೆರಿಕದಲ್ಲಿ ಇದು ನಗುವ ಮಾತಾಗಿ ಉಳಿದಿಲ್ಲ. ಜನರಲ್ ಮೋಟಾರ್ಸ್ ತನ್ನ ಕಾರುಗಳಿಂದ ಜನರ ಓಡಾಟ ಸಂಗ್ರಹಿಸಿ ಮಾಹಿತಿ ದಲ್ಲಾಳಿ ಕಂಪನಿಗಳಿಗೆ ಕೊಡುತ್ತಿತ್ತು, ಅಲ್ಲಿಂದ ವಿಮಾ ಕಂಪನಿಗಳಿಗೆ. 2024ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಬಯಲಿಗೆಳೆಯಿತು. ಒಂದು ಅಪಘಾತವನ್ನೂ ಮಾಡದ ಒಬ್ಬ ಮನುಷ್ಯನ ಪ್ರೀಮಿಯಂ ಶೇಕಡಾ 21 ಏರಿತು. ಯಾಕೆ ಅಂತ ಬೆನ್ನು ಹತ್ತಿ ಕೇಳಿದಾಗ 258 ಪುಟಗಳ ವರದಿ ಕೈಗೆ ಬಂತು. ಆರು ತಿಂಗಳಲ್ಲಿ ಆತ ಮತ್ತು ಹೆಂಡತಿ ಗಾಡಿ ತೆಗೆದ 640 ಸಲದ ಲೆಕ್ಕ ಅದರಲ್ಲಿ. 2025ರ ಜನವರಿಯಲ್ಲಿ ಅಲ್ಲಿನ ವ್ಯಾಪಾರ ಆಯೋಗ ಆ ಕಂಪನಿಗೆ ಐದು ವರ್ಷ ಹಾಗೆ ಹಂಚಬಾರದು ಅಂತ ತಡೆ ಹಾಕುವ ಆದೇಶದ ಪ್ರಸ್ತಾವ ಪ್ರಕಟಿಸಿತು. ಇದನ್ನು ಹೇಳಿದರೆ ಮಾಸ್ತರಿಗೆ ಅನ್ಯಾಯಕ್ಕಿಂತ ಪುಟಗಳ ಮೇಲೆ ಕಣ್ಣು. "ಇನ್ನೂರ ಐವತ್ತೆಂಟು ಪುಟ! ನನ್ನ ಸರ್ವಿಸ್ ಬುಕ್ಕ ಅಷ್ಟ ದಪ್ಪ ಆಗಲಿಲ್ಲ."

ಇಷ್ಟೆಲ್ಲ ಮಾತಾಡುತ್ತಿರುವಾಗಲೇ ಮಾಸ್ತರಿಗೆ ಫೋನು ಬಂತು. ಮತ್ತೆ ಇನ್ಸೂರೆನ್ಸ್. ಹುಡುಗಿ ಮೊದಲು ಹಿಂದಿ, ಆಮೇಲೆ ಬೆಂಗಳೂರು ಕನ್ನಡ. 'ಸರ್, ನಿಮ್ಮ ಡೇಟ್ ಆಫ್ ಬರ್ತ್ ಕನ್ಫರ್ಮ್ ಮಾಡಿ' ಅಂದಳು. ಮಾಸ್ತರು ಸ್ಪೀಕರಿಗೆ ಹಾಕಿದರು. "ಹೇಳ್ತೀನವ್ವಾ. ಮೊದಲ ನೀ ಹೇಳು, ಯಾವೂರು ನಿಂದು?" ಆ ಕಡೆ ಸ್ವಲ್ಪ ಸುಮ್ಮನಾಯಿತು. ಆಮೇಲೆ ಕನ್ನಡವೇ ಬದಲಾಯಿತು: "ಮುಧೋಳ ಹತ್ರಾರೀ ಸರ." ಮುಗಿಯಿತಲ್ಲ ಇನ್ನು! ಯಾರ ಪೈಕಿ, ಅಪ್ಪ ಏನು ಮಾಡುತ್ತಾರೆ, ಎಷ್ಟು ಎಕರೆ ಕಬ್ಬು, ಬಿಲ್ಲು ಬಂತೋ ಇಲ್ಲವೋ, ಪಿಜಿಯಲ್ಲಿ ಊಟ ಹೆಂಗೈತಿ, ಜೋಳದ ರೊಟ್ಟಿ ಸಿಗುತ್ತದೋ ಇಲ್ಲವೋ. ಎಲ್ಲಕ್ಕೂ ಉತ್ತರ ಬಂತು. ಬಿಲ್ಲು ಬಂದಿಲ್ಲವಂತೆ, ರೊಟ್ಟಿ ಸಿಗುವುದಿಲ್ಲವಂತೆ, ತಮ್ಮನ ಕಾಲೇಜ್ ಫೀ ಕಟ್ಟಬೇಕಂತೆ. ಕೊನೆಗೆ ಮಾಸ್ತರು ಕೇಳಿದರು: "ನಾ ಈಗ ನಿನಗ ನನ್ನ ತಾರೀಖು, ಪ್ಯಾನ್ ಎಲ್ಲಾ ಹೇಳಿದ್ರ ಅದು ಯಾರ ಯಾರ ಕಡೆ ಹೋಗ್ತೈತೆವ್ವಾ?" ಹುಡುಗಿ ದನಿ ಇಳಿಸಿದಳು. "ನನಗೂ ಗೊತ್ತಿಲ್ರಿ ಮಾಮಾ. ನಾ ಕಂಪ್ಯೂಟರ್‌ನ್ಯಾಗ ಹೊಡೀತೀನಿ, ಅಷ್ಟ."

ಪಾಲಿಸಿಯನ್ನು ಮಾಸ್ತರು ಊರಿನ ಏಜೆಂಟನ ಕಡೆಯೇ ಮಾಡಿಸಿದರು. ಆದರೆ ಆ ಹುಡುಗಿಯ ಅಪ್ಪನ ಕಬ್ಬಿನ ಬಿಲ್ಲು ಬಂತೋ ಇಲ್ಲವೋ ಅನ್ನುವ ಚಿಂತೆ ಹಚ್ಚಿಕೊಂಡಿದ್ದಾರೆ. ಕೇಳೋಣ ಅಂತ ಆ ನಂಬರಿಗೆ ತಿರುಗಿ ಹಚ್ಚಿದರೆ ಹತ್ತುವುದೇ ಇಲ್ಲ.